ಓದದೆ ಅಂಕ ಕೊಡುವ ಕಾಲ

ಸಿ.ವಿ. ರಾಮನ್ ತಾವು ಕಂಡ ಹೊಸ ವಿಕಿರಣದ ಬಗ್ಗೆ ವಿದ್ವಾಂಸರ ಮುಂದೆ ವಿಸ್ತಾರವಾಗಿ ಮಾತಾಡಿದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ಲಂಡನ್ನಿನ ‘ನೇಚರ್’ಗೂ ಚಿಕ್ಕದೊಂದು ಟಿಪ್ಪಣಿ ಹೋಯಿತು, ನಿಜ. ಆದರೆ ಪೂರ್ತಿ ಉಪನ್ಯಾಸ ಅಚ್ಚಾದದ್ದು ಅವರೇ ಕಲ್ಕತ್ತದಲ್ಲಿ ಎರಡು ವರ್ಷ ಮೊದಲು ಶುರು ಮಾಡಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ. ರಾಮನ್ ತಡಮಾಡದೆ ಅದರ ಪ್ರತಿಗಳನ್ನು ಹೊರದೇಶಗಳ ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. 1930ರಲ್ಲಿ ನೊಬೆಲ್ ಬಂತು. ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟೆಂದು ಸ್ವೀಡನ್ನಿನವರು ಯಾರೂ ಕೇಳಲಿಲ್ಲ. ಕೇಳೋಣವೆಂದರೆ ಆ ಲೆಕ್ಕವೇ ಆಗ ಹುಟ್ಟಿರಲಿಲ್ಲ.

ಇವತ್ತು ನಮ್ಮ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಸಂದರ್ಶನಕ್ಕೆ ಬಂದ ಹುಡುಗಿಯೊಬ್ಬಳನ್ನು ನೋಡಿ. ಅವಳು ಏನು ಕಂಡುಹಿಡಿದಳು, ಯಾವ ವಾದ ಹೂಡಿದಳು ಎಂಬುದು ಆಮೇಲಿನ ಮಾತು. ಎಷ್ಟೋ ಸಲ ಆ ಮಾತು ಬರುವುದೇ ಇಲ್ಲ. ಪೇಪರ್ ಎಷ್ಟು, ಯಾವ ಜರ್ನಲ್ಲಿನಲ್ಲಿ, ಸ್ಕೋಪಸ್ ಪಟ್ಟಿಯಲ್ಲಿದೆಯೇ, ಎಷ್ಟು ಅಂಕ? ಸಮಿತಿಯ ಮೇಜಿನ ಮೇಲೆ ಲೇಖನಗಳ ಕಟ್ಟು ಇರುತ್ತದೆ. ಅದನ್ನು ಬಿಚ್ಚುವವರು ವಿರಳ. ವಿದ್ವತ್ ಪ್ರಕಟಣೆಯ ಇಂದಿನ ಕಾಯಿಲೆಯ ಬೇರು ಇಲ್ಲಿದೆ ಎಂಬುದು ನನ್ನ ವಾದ. ಕಂಪ್ಯೂಟರು, ಇಂಟರ್ನೆಟ್ಟು, ದುಬಾರಿ ಚಂದಾ ಎಲ್ಲ ಆಮೇಲೆ ಬರುವಂಥವು.

1991ರಲ್ಲಿ ಎರಡು ಸಂಗತಿಗಳು ನಡೆದವು. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ, ಅಚ್ಚಿಗೆ ಹೋಗುವ ಮೊದಲೇ ಲೇಖನಗಳನ್ನು ಪರಸ್ಪರ ಓದಿಕೊಳ್ಳಲು ಒಂದು ಕಂಪ್ಯೂಟರ್ ಕಣಜ ಕಟ್ಟಿದರು. ಮುಂದೆ ಅದೇ ‘ಆರ್ಕೈವ್’ ಆಯಿತು. ಇಂದಿಗೂ ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಅದೇ ವರ್ಷ ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬ ಪ್ರಕಾಶಕ ತನ್ನ ಪರ್ಗಮನ್ ಪ್ರೆಸ್ಸನ್ನು ನೆದರ್‌ಲ್ಯಾಂಡ್ಸ್‌ನ ಎಲ್ಸೆವಿಯರ್ ಕಂಪನಿಗೆ 44 ಕೋಟಿ ಪೌಂಡಿಗೆ ಮಾರಿದ. ಕಾಗದವೂ ಅಂಚೆಯೂ ಇಲ್ಲದೆ ಜ್ಞಾನ ಹರಿಯುವ ದಾರಿ ತೆರೆದ ವರ್ಷವೇ ಜರ್ನಲ್ಲುಗಳ ದೊಡ್ಡ ಗಂಟು ದೊಡ್ಡ ಬೆಲೆಗೆ ಕೈ ಬದಲಾಯಿಸಿತು. ಎರಡರಲ್ಲಿ ಯಾವುದು ಹೆಚ್ಚು ಬಾಳುತ್ತದೆಂದು ಆಗ ಕೇಳಿದ್ದರೆ, ಬಹುಮಂದಿ ಗಿನ್ಸ್‌ಪಾರ್ಗ್ ಪರ ಹೇಳುತ್ತಿದ್ದರೇನೋ. ಪ್ರತಿ ತೆಗೆಯುವ ಖರ್ಚು ಸೊನ್ನೆಯಾದ ಮೇಲೆ ಪ್ರಕಾಶಕನಿಗೆ ಯಾರು ಯಾಕೆ ದುಡ್ಡು ಕೊಡುತ್ತಾರೆ?

ಕೊಟ್ಟರು. ಈಗಲೂ ಕೊಡುತ್ತಿದ್ದಾರೆ. 2023ರಲ್ಲಿ ಎಲ್ಸೆವಿಯರ್ ಇರುವ ವಿಭಾಗದ ವಹಿವಾಟು ಸುಮಾರು 300 ಕೋಟಿ ಪೌಂಡು. ಅದರಲ್ಲಿ ಲಾಭ ಶೇಕಡಾ 38ರ ಆಸುಪಾಸು. ಬೇರೆ ಯಾವ ಉದ್ಯಮದವರಾದರೂ ಅಸೂಯೆಪಡುವ ಅಂಕಿ ಇದು.

ಈ ಲಾಭ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಒಂದು ಲೇಖನದ ಜಾಡು ಹಿಡಿದರೆ ಸಾಕು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸರ್ಕಾರದ ಅನುದಾನದಿಂದ, ಸರ್ಕಾರದ ಫೆಲೋಶಿಪ್ ಪಡೆಯುವ ವಿದ್ಯಾರ್ಥಿ ನಾಲ್ಕು ವರ್ಷ ದುಡಿಯುತ್ತಾನೆ. ಗೈಡ್ ಜೊತೆ ಕೂತು ಬರೆಯುತ್ತಾನೆ. ಕಂಪನಿಯ ಪೋರ್ಟಲ್ಲಿಗೆ ಚಿತ್ರ, ಕೋಷ್ಟಕ, ಉಲ್ಲೇಖಗಳನ್ನೆಲ್ಲ ತಾನೇ ಒಪ್ಪವಾಗಿ ಏರಿಸುತ್ತಾನೆ. ಸಂಪಾದಕರು ಇನ್ಯಾವುದೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರು ಅದನ್ನು ಮತ್ತಿಬ್ಬರು ತಜ್ಞರಿಗೆ ಕಳಿಸುತ್ತಾರೆ. ಆ ತಜ್ಞರು ರಾತ್ರಿ ಕೂತು ಓದಿ, ತಪ್ಪು ಹುಡುಕಿ, ಎರಡು ಪುಟ ಅಭಿಪ್ರಾಯ ಬರೆದುಕೊಡುತ್ತಾರೆ. ಲೇಖಕನಿಗೂ ಕಾಸಿಲ್ಲ, ತಜ್ಞರಿಗೂ ಕಾಸಿಲ್ಲ. ಒಪ್ಪಿಗೆಯಾದ ಮೇಲೆ ಹಕ್ಕುಪತ್ರಕ್ಕೆ ಸಹಿ ಹಾಕಿ ಬರಹವನ್ನು ಕಂಪನಿಗೆ ಒಪ್ಪಿಸಬೇಕು. ಪುಟವಿನ್ಯಾಸ, ಪ್ರೂಫ್ ಕೆಲಸ ಬಹುಪಾಲು ನಡೆಯುವುದು ಚೆನ್ನೈ, ಪುದುಚೇರಿಗಳ ಕಚೇರಿಗಳಲ್ಲಿ, ಅಲ್ಲಿಯ ಸಂಬಳಕ್ಕೆ. ಹೀಗೆ ತಯಾರಾದ ಲೇಖನ ಲಂಡನ್, ಆಮ್‌ಸ್ಟರ್‌ಡ್ಯಾಮ್ ಸುತ್ತಿ ಬೆಂಗಳೂರಿನ ಗ್ರಂಥಾಲಯಕ್ಕೆ ಚಂದಾ ರೂಪದಲ್ಲಿ ಮರಳುತ್ತದೆ. ಚಂದಾ ಇಲ್ಲದವರು ಒಂದೊಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ತೆರಬೇಕು. ಪ್ರಕಾಶಕರು ಏನೂ ಮಾಡುವುದಿಲ್ಲ ಎಂದಲ್ಲ. ಹಳೆಯ ಸಂಚಿಕೆಗಳನ್ನು ಕಾಪಾಡುತ್ತಾರೆ, ಪೋರ್ಟಲ್ ನಡೆಸುತ್ತಾರೆ, ಕಳ್ಳತನ ಪತ್ತೆಹಚ್ಚುವ ತಂತ್ರಾಂಶ ಇಟ್ಟುಕೊಂಡಿದ್ದಾರೆ. ಇಷ್ಟಕ್ಕೆ ಶೇಕಡಾ 38 ಲಾಭ ಏಕೆ ಎಂಬುದಷ್ಟೇ ಪ್ರಶ್ನೆ.

ಉತ್ತರ ಸರಳ. ಅವರು ಮಾರುವುದು ಹೆಸರನ್ನು. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಉಲ್ಲೇಖಗಳ ಲೆಕ್ಕ ಹಾಕುವ ಯೋಚನೆ ಮುಂದಿಟ್ಟರು. ಅದರಿಂದ ಬೆಳೆದ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಮುಖ್ಯ ಉಪಯೋಗ ಯಾವ ಜರ್ನಲ್ ತರಿಸಬೇಕು, ಯಾವುದನ್ನು ಬಿಡಬಹುದು ಎಂದು ಗ್ರಂಥಪಾಲಕರಿಗೆ ನೆರವಾಗುವುದಾಗಿತ್ತು. ಜರ್ನಲ್ಲನ್ನು ಅಳೆಯುವ ಆ ಕೋಲಿನಿಂದ ನಾವು ಮನುಷ್ಯರನ್ನು ಅಳೆಯತೊಡಗಿದೆವು. ಇಂಥ ಹೆಸರಿನ ಪತ್ರಿಕೆಯಲ್ಲಿ ಬಂದರೆ ಕೆಲಸ, ಬಡ್ತಿ, ಅನುದಾನ. ಬೇರೆಡೆ ಬಂದರೆ ಇಲ್ಲ. ಹಾಗಿರುವಾಗ ಅಂಗಡಿ ಬದಲಿಸುವ ಸ್ವಾತಂತ್ರ್ಯ ಬರೆಯುವವನಿಗೂ ಇಲ್ಲ, ಕೊಳ್ಳುವ ಗ್ರಂಥಾಲಯಕ್ಕೂ ಇಲ್ಲ. ಬೆಲೆ ಇಳಿಯುವುದಾದರೂ ಹೇಗೆ?

2002ರಲ್ಲಿ ಬುಡಾಪೆಸ್ಟ್ ಘೋಷಣೆಗೆ ಸಹಿ ಹಾಕಿದವರು ಬಯಸಿದ್ದು ಮುಕ್ತ ಪ್ರವೇಶ: ಸಂಶೋಧನೆ ಯಾರಿಗೂ ಅಡ್ಡಗೋಡೆಯಿಲ್ಲದೆ ಸಿಗಲಿ ಎಂಬುದು. ಆಶಯ ದೊಡ್ಡದು, ಪ್ರಾಮಾಣಿಕವಾದದ್ದು. ಆದರೆ ಹೆಸರಿನ ಮೋಹ ಹಾಗೇ ಉಳಿದಿದ್ದರಿಂದ ಕಂಪನಿಗಳು ಸುಲಭವಾಗಿ ಮಗ್ಗುಲು ಬದಲಾಯಿಸಿದವು. ಓದುವವರಿಗೆ ಉಚಿತವೇ? ಆಗಲಿ, ಬರೆಯುವವರು ಕಟ್ಟಲಿ. 2020ರ ನವೆಂಬರಿನಲ್ಲಿ ‘ನೇಚರ್’ ತನ್ನಲ್ಲಿ ಮುಕ್ತವಾಗಿ ಪ್ರಕಟಿಸಲು ಒಂದು ಲೇಖನಕ್ಕೆ 9,500 ಯೂರೊ ಎಂದು ದರ ಸಾರಿತು. ನಮ್ಮ ಸಂಶೋಧನಾ ವಿದ್ಯಾರ್ಥಿಯ ಒಂದು ವರ್ಷದ ಫೆಲೋಶಿಪ್ಪನ್ನೂ ಮೀರುವ ಮೊತ್ತ ಇದು. ಹಿಂದೆ ಬಡ ದೇಶದವರಿಗೆ ಓದಲು ಆಗುತ್ತಿರಲಿಲ್ಲ. ಈಗ ಓದಬಹುದು, ಬರೆಯಲು ಆಗುವುದಿಲ್ಲ. ಗೋಡೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು ಅಷ್ಟೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಕೆಟ್ಟದು. ಚಂದಾ ಕಾಲದಲ್ಲಿ ಕಳಪೆ ಲೇಖನ ಪ್ರಕಟಿಸಿದರೆ ಚಂದಾದಾರರು ಬಿಟ್ಟುಹೋಗುವ ಭಯವಾದರೂ ಇತ್ತು. ಲೇಖನಕ್ಕಿಷ್ಟು ಎಂದು ಬರೆದವರಿಂದ ವಸೂಲಿ ಮಾಡುವಾಗ, ಒಪ್ಪಿಕೊಂಡಷ್ಟೂ ಆದಾಯ. ವೈಲಿ ಕಂಪನಿ 2021ರಲ್ಲಿ ಹಿಂದಾವಿ ಎಂಬ ಮುಕ್ತ ಪ್ರವೇಶದ ಪ್ರಕಾಶನವನ್ನು ಸುಮಾರು 30 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎರಡೇ ವರ್ಷದಲ್ಲಿ ಅಲ್ಲಿನ ವಿಶೇಷ ಸಂಚಿಕೆಗಳಲ್ಲಿ ನಕಲಿ ಲೇಖನ ತಯಾರಿಸುವ ಗಿರಣಿಗಳು ಠಿಕಾಣಿ ಹೂಡಿದ್ದು ಬಯಲಾಯಿತು. 2023ರೊಂದರಲ್ಲೇ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಗೆ ಹಿಂದಾವಿ ಎಂಬ ಹೆಸರನ್ನೇ ಕಿತ್ತುಹಾಕಿದರು.

ಹೆಸರುವಾಸಿ ಜರ್ನಲ್ಲುಗಳಲ್ಲಾದರೂ ಯಾರಾದರೂ ಓದುತ್ತಾರೆಯೇ? 2024ರ ಆರಂಭದಲ್ಲಿ ಎಲ್ಸೆವಿಯರ್‌ನ ಒಂದು ಜರ್ನಲ್ಲಿನಲ್ಲಿ ಲಿಥಿಯಂ ಬ್ಯಾಟರಿಯ ಬಗ್ಗೆ ಲೇಖನವೊಂದು ಬಂತು. ಅದರ ಪೀಠಿಕೆಯ ಮೊದಲ ವಾಕ್ಯ ಹೆಚ್ಚುಕಡಿಮೆ ಹೀಗಿತ್ತು: ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಒಂದು ಪೀಠಿಕೆ ಇಲ್ಲಿದೆ. ಎಐ ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಎತ್ತಿ ಅಂಟಿಸುವಾಗ ಅದರ ಉಪಚಾರದ ಮಾತನ್ನು ತೆಗೆಯುವುದು ಮರೆತುಹೋಗಿತ್ತು. ಬರೆದವರು, ಸಂಪಾದಕರು, ತಜ್ಞರು, ಪ್ರೂಫ್ ತಿದ್ದಿದವರು ಇಷ್ಟೂ ಜನರ ಕಣ್ಣ ಮುಂದೆ ಮೊದಲ ಸಾಲಿನಲ್ಲೇ ಕೂತು ಅದು ಪಾರಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಇನ್ನೊಂದು ಜರ್ನಲ್, ಎಐ ಬರೆದ ಇಲಿಯ ಚಿತ್ರವೊಂದನ್ನು ಪ್ರಕಟಿಸಿತು. ಅದರ ಜನನಾಂಗ ಇಲಿಗಿಂತ ದೊಡ್ಡದಿತ್ತು. ಪಕ್ಕದಲ್ಲಿ ಬರೆದಿದ್ದ ಹೆಸರುಗಳಿಗೆ ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ. ಮೂರು ದಿನದಲ್ಲಿ ಹಿಂತೆಗೆದುಕೊಂಡರು. ನಗು ಬರುತ್ತದೆ. ಆದರೆ ಇವೆಲ್ಲ ಕಣ್ಣಿಗೆ ಹೊಡೆಯುವಂತೆ ಪೆದ್ದಾಗಿದ್ದಕ್ಕೆ ಸಿಕ್ಕಿಬಿದ್ದಂಥವು. ಜಾಣತನದಿಂದ ಮಾಡಿದವುಗಳ ಗತಿಯೇನು?

ನಮ್ಮ ದೇಶದಲ್ಲಿ ಇದಕ್ಕೆ ನೀರೆರೆದದ್ದು ಯುಜಿಸಿಯ ನಿಯಮಗಳೇ. 2010ರ ನಿಯಮಾವಳಿ ಪ್ರಕಟಣೆಗಳಿಗೆ ಅಂಕ ನಿಗದಿ ಮಾಡಿತು. ಆಮೇಲೆ ಕಾಲೇಜು ಅಧ್ಯಾಪಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ಜಾಹೀರಾತುಗಳನ್ನು ಯಾರೂ ಮರೆತಿರಲಾರರು: ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇದೆ, ಎಲ್ಲ ವಿಷಯಗಳ ಲೇಖನ ಸ್ವೀಕರಿಸಲಾಗುವುದು, ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಹಿತ. ವಚನ ಸಾಹಿತ್ಯವೂ ರೇಷ್ಮೆ ಹುಳುವಿನ ರೋಗವೂ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ. ಪಾಪ, ಇದಕ್ಕೆ ಕೈ ಹಾಕಿದವರೆಲ್ಲ ದುಷ್ಟರಲ್ಲ. ವಾರಕ್ಕೆ ಹದಿನಾರು ಗಂಟೆ ಪಾಠ, ಮೇಲೆ ಪರೀಕ್ಷೆ, ನ್ಯಾಕ್, ಚುನಾವಣಾ ಕೆಲಸ; ಪ್ರಯೋಗಾಲಯವಿಲ್ಲ, ಒಳ್ಳೆಯ ಗ್ರಂಥಾಲಯವಿಲ್ಲ. ಬಡ್ತಿಗೆ ಮಾತ್ರ ಪೇಪರ್ ಬೇಕು. ಬೇಡಿಕೆ ಮೇಲಿನಿಂದ ಹುಟ್ಟಿಸಿದ ಮೇಲೆ ಕೆಳಗೆ ಅಂಗಡಿ ತೆರೆಯುವವರು ಇದ್ದೇ ಇರುತ್ತಾರೆ.

ಪರಿಹಾರವೆಂದು ಯುಜಿಸಿ ಮಾಡಿದ್ದು ಪಟ್ಟಿ. 2017ರಲ್ಲಿ ಬಂದ ಅನುಮೋದಿತ ಪಟ್ಟಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜರ್ನಲ್ಲುಗಳಿದ್ದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ ಭಾಗದಿಂದ ಮಾದರಿ ಆಯ್ದು ಪರಿಶೀಲಿಸಿದ ಪುಣೆಯ ವಿದ್ವಾಂಸರು, ಶೇಕಡಾ 88ರಷ್ಟು ಕಳಪೆ ದರ್ಜೆಯವು ಎಂದು ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ 2018ರಲ್ಲಿ ಬರೆದರು. ಅದೇ ವರ್ಷ ಯುಜಿಸಿ 4,305 ಜರ್ನಲ್ಲುಗಳನ್ನು ಒಮ್ಮೆಗೇ ಕೈಬಿಟ್ಟಿತು. ಆಮೇಲೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ಒಳ್ಳೆಯ ಜರ್ನಲ್ ಯಾವುದೆಂದು ಸಂಸ್ಥೆಗಳೇ ನಿರ್ಧರಿಸಿಕೊಳ್ಳಲಿ ಎಂದರು. ಪಿಎಚ್‌.ಡಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯ 2022ರಲ್ಲೇ ಹೋಗಿತ್ತು. ಇವೆರಡೂ ಸರಿಯಾದ ಹೆಜ್ಜೆಗಳೇ. ಆದರೆ ಪಟ್ಟಿಯ ಆಸರೆ ಹೋದಾಗ ನಮ್ಮ ವಿಶ್ವವಿದ್ಯಾಲಯಗಳು ಕಂಗಾಲಾದ ರೀತಿ ನೋಡಿದರೆ, ಲೇಖನ ಓದಿ ಬೆಲೆ ಕಟ್ಟುವ ಅಭ್ಯಾಸವೇ ತಪ್ಪಿಹೋಗಿದೆ ಅನ್ನಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಎಲ್ಲವನ್ನೂ ಎಲ್ಲರೂ ಓದಲು ಸಾಧ್ಯವೇ? ತಜ್ಞರು ಜರಡಿ ಹಿಡಿದ ಜರ್ನಲ್ ಇಲ್ಲದಿದ್ದರೆ ಕಾಳು ಯಾವುದು ಜೊಳ್ಳು ಯಾವುದು ಎಂದು ತಿಳಿಯುವುದು ಹೇಗೆ? ಕೋವಿಡ್ ವರ್ಷದ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು, ಹೊಸ ಕೊರೊನಾ ವೈರಸ್ಸಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎನ್ನುವ ಕರಡು ಲೇಖನವನ್ನು ‘ಬಯೋ ಆರ್ಕೈವ್’ನಲ್ಲಿ ಹಾಕಿತು. ಯಾರೂ ಪರಿಶೀಲಿಸಿರದ ಬರಹ. ಜಗತ್ತಿನಾದ್ಯಂತ ಗುಲ್ಲೆದ್ದಿತು, ಬಲ್ಲವರು ಅಲ್ಲೇ ಕೆಳಗೆ ತಪ್ಪುಗಳನ್ನು ಎತ್ತಿ ತೋರಿಸಿದರು. ಫೆಬ್ರವರಿ 2ಕ್ಕೆ ಲೇಖಕರೇ ಅದನ್ನು ವಾಪಸು ಪಡೆದರು. ಮೇ 22ರಂದು ಜಗತ್ತಿನ ಅತ್ಯಂತ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಗಳಲ್ಲೊಂದಾದ ‘ಲ್ಯಾನ್ಸೆಟ್’ ಹೈಡ್ರಾಕ್ಸಿಕ್ಲೋರೊಕ್ವಿನ್ ಬಗ್ಗೆ, ತಜ್ಞರ ಪರಿಶೀಲನೆ ದಾಟಿ ಬಂದ ಲೇಖನ ಪ್ರಕಟಿಸಿತು. ಅದಕ್ಕೆ ಮಾಹಿತಿ ಒದಗಿಸಿದ್ದು ಸರ್ಜಿಸ್ಫಿಯರ್ ಎಂಬ ಪುಟ್ಟ ಕಂಪನಿ. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಔಷಧ ಪ್ರಯೋಗದ ಆ ಭಾಗವನ್ನೇ ತಡೆಹಿಡಿಯಿತು. ಮೂಲ ಮಾಹಿತಿ ತೋರಿಸಿ ಎಂದಾಗ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ಲೇಖನ ಹಿಂತೆಗೆಯಲಾಯಿತು. ಔಷಧ ಕೆಲಸ ಮಾಡುವುದಿಲ್ಲ ಎಂದು ಬೇರೆ ಪ್ರಯೋಗಗಳಿಂದ ಆಮೇಲೆ ತಿಳಿಯಿತು, ಆ ಮಾತು ಬೇರೆ.

ಕರಡು ಲೇಖನಗಳೇ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ದೆಹಲಿಯ ಕರಡು ಹುಟ್ಟಿಸಿದ ವದಂತಿ ಅದು ವಾಪಸಾದ ಮೇಲೂ ಸುತ್ತುತ್ತಲೇ ಇತ್ತು. ಆದರೆ ಎರಡೂ ಕಡೆ ತಪ್ಪು ಹಿಡಿದದ್ದು ಬಯಲಿನಲ್ಲಿ ಓದಿದ ಹಲವು ಕಣ್ಣುಗಳು. ಜರ್ನಲ್ಲಿನ ಹೆಸರು ಆ ಕೆಲಸ ಮಾಡಲಿಲ್ಲ; ಬದಲಿಗೆ ತಪ್ಪಿಗೆ ತೂಕ ತಂದುಕೊಟ್ಟಿತು. ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ ಪುವಾಂಕರೆ ಸಮಸ್ಯೆಯನ್ನು ಬಿಡಿಸಿದ ಬರಹಗಳನ್ನು 2002, 2003ರಲ್ಲಿ ಆರ್ಕೈವ್‌ನಲ್ಲಿ ಇಟ್ಟು ಸುಮ್ಮನಾದರು, ಯಾವ ಜರ್ನಲ್ಲಿಗೂ ಕಳಿಸಲಿಲ್ಲ. ಗಣಿತಜ್ಞರು ವರ್ಷಗಟ್ಟಲೆ ಸಾಲು ಸಾಲು ಓದಿ ಸರಿಯೆಂದು ಒಪ್ಪಿದರು. ನಮ್ಮ ಅಂಕಪಟ್ಟಿಯ ಪ್ರಕಾರ ಅದಕ್ಕೆ ಸೊನ್ನೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ, ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರಿಗೆ ಸಿಗುತ್ತವೆ. ರಾಯಚೂರಿನ ವಿದ್ಯಾರ್ಥಿಗೂ ಐಐಎಸ್‌ಸಿಯ ವಿದ್ಯಾರ್ಥಿಗೂ ಒಂದೇ ಗ್ರಂಥಾಲಯ. ಇದನ್ನು ಸಣ್ಣದೆಂದು ಹೇಳಲಾರೆ. ಊರ ಕಾಲೇಜಿನಲ್ಲಿ ಒಂದು ಲೇಖನಕ್ಕಾಗಿ ಬೆಂಗಳೂರಿನ ಗೆಳೆಯರಿಗೆ ಕಾಡಿಬೇಡಿ ತರಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಕಝಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ತೆರೆದ, ಚಂದಾ ಇಲ್ಲದೆಯೇ ಲೇಖನ ಒದಗಿಸುವ ಸೈ-ಹಬ್ ತಾಣವನ್ನು ನಮ್ಮ ಸಂಶೋಧಕರು ಕದ್ದುಮುಚ್ಚಿ ಬಳಸಿದ್ದೂ ಈ ಕೊರತೆಯಿಂದಲೇ. ಅದರ ಮೇಲೆ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿಗಳು 2020ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟಿನಲ್ಲಿ ತಾಣವನ್ನು ತಡೆಯಲು ಆದೇಶವಾಯಿತು. ಅದೇ ಹೈಕೋರ್ಟ್ 2016ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಪ್ರಕರಣದಲ್ಲಿ, ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಹೇಳಿತ್ತು ಎಂಬುದನ್ನೂ ನೆನೆಯಬೇಕು.

ಆದರೂ ಯೋಜನೆಯ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ವರ್ಷಕ್ಕೆ 2,000 ಕೋಟಿಯಂತೆ ಕೊಟ್ಟು ನಾವು ಪಡೆಯುವುದು ಓದುವ ಪರವಾನಗಿ. ಮೂರು ವರ್ಷದ ಬಳಿಕ ಮತ್ತೆ ಚೌಕಾಸಿ. ಖಾಸಗಿ ಆಡಳಿತದ ಕಾಲೇಜುಗಳು, ಯಾವ ಸಂಸ್ಥೆಗೂ ಸೇರದೆ ಸ್ವಂತ ಆಸಕ್ತಿಯಿಂದ ಸಂಶೋಧನೆ ಮಾಡುವವರು ಮೊದಲ ಹಂತದಲ್ಲಿ ಹೊರಗೇ ಉಳಿದರು. ಕನ್ನಡದ ಶಾಸನ, ಜಾನಪದ, ಇತಿಹಾಸ ಸಂಶೋಧನೆಯಲ್ಲಿ ಹೈಸ್ಕೂಲು ಮೇಷ್ಟರಿಂದ ಹಿಡಿದು ವಕೀಲರವರೆಗೆ ಇಂಥವರ ಪಾಲು ಎಷ್ಟೆಂದು ಬಲ್ಲವರಿಗೆ ಈ ಕೊರತೆ ಚುಚ್ಚುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಈ ಹಣದ ಒಂದು ಸಣ್ಣ ಪಾಲು ನಮ್ಮದೇ ಜರ್ನಲ್ಲುಗಳಿಗೆ ಸಿಕ್ಕಿದ್ದರೆ?

ಮಾದರಿ ಹುಡುಕಿ ಬಹುದೂರ ಹೋಗಬೇಕಿಲ್ಲ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನ ಸದಾಶಿವನಗರದಲ್ಲಿದೆ. ಬುಡಾಪೆಸ್ಟ್ ಘೋಷಣೆಗೂ ಮೊದಲೇ ತನ್ನ ಪತ್ರಿಕೆಗಳನ್ನು ಅದು ಜಾಲತಾಣದಲ್ಲಿ ಉಚಿತವಾಗಿ ಇಡತೊಡಗಿತ್ತು. ಅಲ್ಲಿ ಬರೆಯಲು ದುಡ್ಡು ಕಟ್ಟಲೇಬೇಕೆಂಬ ನಿಯಮವಿಲ್ಲ. ಐಐಎಸ್‌ಸಿ 2002ರ ಸುಮಾರಿಗೇ ತನ್ನವರ ಲೇಖನಗಳಿಗೆ ಮುಕ್ತ ಭಂಡಾರ ತೆರೆಯಿತು, ದೇಶದಲ್ಲೇ ಮೊದಲು. ಬ್ರೆಜಿಲ್‌ನಲ್ಲಿ 1990ರ ದಶಕದ ಕೊನೆಗೆ ಶುರುವಾದ ‘ಸೈಎಲೊ’ ಸಾರ್ವಜನಿಕ ಹಣದಿಂದ ಪೋರ್ಚುಗೀಸ್, ಸ್ಪ್ಯಾನಿಷ್ ಜರ್ನಲ್ಲುಗಳನ್ನು ಒಂದೇ ವೇದಿಕೆಗೆ ತಂದಿತು. ಲ್ಯಾಟಿನ್ ಅಮೆರಿಕದ ಎಷ್ಟೋ ದೇಶಗಳು ಸೇರಿಕೊಂಡವು. ಅಲ್ಲಿನವರು ತಮ್ಮ ಭಾಷೆಯಲ್ಲಿ ಬರೆದು, ತಮ್ಮ ಜನರ ಮುಂದಿಟ್ಟರು.

ನಮ್ಮ ಕನ್ನಡದ ಸ್ಥಿತಿ ನೋಡಿ. ‘ಪ್ರಬುದ್ಧ ಕರ್ಣಾಟಕ’, ‘ಮಾನವಿಕ ಕರ್ನಾಟಕ’, ‘ಕರ್ನಾಟಕ ಭಾರತಿ’ಯಂಥ ವಿದ್ವತ್ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಒಂದು ಪರಂಪರೆಯೇ ಇದೆ, ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಕೈಗೆ ಹತ್ತುವುದು ಅತ್ಯಲ್ಪ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಇಂದು ಇಂಟರ್ನೆಟ್ಟಿನಲ್ಲಿ ಯಾರಿಗೂ ಸಿಗುತ್ತವೆ; ನಿನ್ನೆ ಮೊನ್ನೆಯ ಕನ್ನಡ ಲೇಖನ ಸಿಗುವುದಿಲ್ಲ. ಕಾರಣ ಒಂದು ತೀರಾ ಸಣ್ಣದು. ‘ಶೋಧಗಂಗಾ’ದಲ್ಲಿರುವ ಹಲವು ಕನ್ನಡ ಪಿಎಚ್‌.ಡಿ ಪ್ರಬಂಧಗಳನ್ನು ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದಾರೆ, ಇಲ್ಲವೇ ಸ್ಕ್ಯಾನ್ ಮಾಡಿ ಏರಿಸಿದ್ದಾರೆ. ಕಣ್ಣಿಗೆ ಕನ್ನಡ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆಡೆ ಅಂಟಿಸಿ ನೋಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕುಯಂತ್ರಕ್ಕೆ ಕಾಣುವುದೂ ಅದೇ. ವರ್ಷಗಳ ಶ್ರಮದ ಪ್ರಬಂಧ ಎಲ್ಲರಿಗೂ ಮುಕ್ತವಾಗಿದ್ದೂ ಯಾರಿಗೂ ಸಿಗದು. ಇದಕ್ಕೆ ಪರದೇಶದ ಯಾವ ಕಂಪನಿಯನ್ನೂ ದೂರುವಂತಿಲ್ಲ. ಯುನಿಕೋಡ್‌ನಲ್ಲಿ ಅಚ್ಚು ಮಾಡುವುದು, ‘ಓಪನ್ ಜರ್ನಲ್ ಸಿಸ್ಟಮ್ಸ್’ನಂಥ ಉಚಿತ ತಂತ್ರಾಂಶದಲ್ಲಿ ಪತ್ರಿಕೆ ನಡೆಸುವುದು, ಪ್ರತಿ ಲೇಖನಕ್ಕೂ ಡಿಒಐ ಸಂಖ್ಯೆ ಕೊಡಿಸುವುದು: ಮೈಸೂರು, ಧಾರವಾಡ, ಹಂಪಿಗಳ ಪ್ರಸಾರಾಂಗಗಳು ಮನಸ್ಸು ಮಾಡಿದರೆ ದೊಡ್ಡ ಅನುದಾನವಿಲ್ಲದೆ ಆಗುವ ಕೆಲಸಗಳು.

ಆದರೆ ಇಷ್ಟೆಲ್ಲ ಮಾಡಿದ ಮೇಲೂ ಆ ಪತ್ರಿಕೆಗಳಲ್ಲಿ ಬರೆದ ಯುವಕನಿಗೆ ಸಂದರ್ಶನದಲ್ಲಿ ಅಂಕ ಸಿಗದಿದ್ದರೆ ಅವನು ಬರೆಯುವುದಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಇಂದಿನ ಅಳತೆಗೋಲಿನಲ್ಲಿ ಅಳೆದರೆ ಎಷ್ಟು ಅಂಕ ಬರುತ್ತದೋ ಯಾರಾದರೂ ಲೆಕ್ಕ ಹಾಕಿ ಹೇಳಲಿ. ಹೊರಗಿನವರೂ ಈ ಕಟ್ಟಿಗೆ ಸಿಕ್ಕಿದವರೇ. ‘ಇಲೈಫ್’ ಎಂಬ ಜೀವವಿಜ್ಞಾನ ಪತ್ರಿಕೆ 2023ರಲ್ಲಿ, ಪರಿಶೀಲನೆಗೆ ತೆಗೆದುಕೊಂಡ ಲೇಖನವನ್ನು ಒಪ್ಪುವ, ತಿರಸ್ಕರಿಸುವ ಪದ್ಧತಿಯನ್ನೇ ಬಿಟ್ಟು ತಜ್ಞರ ಅಭಿಪ್ರಾಯಗಳನ್ನು ಲೇಖನದ ಜೊತೆಗೇ ಪ್ರಕಟಿಸತೊಡಗಿತು. ಮರುವರ್ಷ ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದಿಲ್ಲವೆಂದು ಲೆಕ್ಕ ಹಾಕುವ ಕಂಪನಿ ಹೇಳಿತು. ಧೈರ್ಯ ಮಾಡಿದವರಿಗೆ ಸಿಕ್ಕ ಬಹುಮಾನ ಇದು.

ಆದ್ದರಿಂದ ನೇಮಕಾತಿ, ಬಡ್ತಿ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ಒಂದು ವಿನಂತಿ. ಅಭ್ಯರ್ಥಿಗಳಿಂದ ಇಪ್ಪತ್ತು ಪ್ರಕಟಣೆಗಳ ಪಟ್ಟಿ ಕೇಳಬೇಡಿ. ತಮ್ಮ ಅತ್ಯುತ್ತಮ ಮೂರು ಲೇಖನಗಳನ್ನು ಕೊಡಲು ಹೇಳಿ, ಅವು ಯಾವ ಪತ್ರಿಕೆಯಲ್ಲಾದರೂ ಬಂದಿರಲಿ, ಯಾವ ಭಾಷೆಯಲ್ಲಾದರೂ ಇರಲಿ. ಸಂದರ್ಶನಕ್ಕೆ ಒಂದು ವಾರ ಮೊದಲು ತರಿಸಿಕೊಂಡು ದಯವಿಟ್ಟು ಓದಿ. ಪ್ರಶ್ನೆಗಳನ್ನು ಅಲ್ಲಿಂದ ಕೇಳಿ.